ಅಂಗಳದ ಅಂಚು

ಮಲೆನಾಡಿನ ನಮ್ಮ ಮನೆಯಂಗಳಕ್ಕೆ ಮೂರು ಕಡೆ ಲಕ್ಕಿ ಬೇಲಿ, ನಾಲ್ಕನೇ ಕಡೆ ದಣಪೆ. ದಣಪೆಯ ಗಳುಗಳ ಕೆಳಗೆ ಮರಿಯೊಂದು ನುಸುಳುವಷ್ಟು ಜಾಗವಿದೆ. ಆಚೆ ಗದ್ದೆಯ ಹಾದಿ, ಅದರಾಚೆ ಕಾಡು. ಕತ್ತಲಾದ ಮೇಲೆ ಆ ಹಾದಿಯಲ್ಲಿ ಚಿರತೆ ಓಡಾಡುತ್ತದೆ. ನಾಯಿ ಅದಕ್ಕೆ ಸುಲಭದ ಬೇಟೆ. ಮೂರು ತಿಂಗಳ ಈ ಊರುನಾಯಿ ಮರಿ ಅಂಗಳದೊಳಗೇ ಉಳಿಯಲು ಕಲಿಯಬೇಕಾದದ್ದು ಅದಕ್ಕೇ.

ಮರಿಯ ಮೈ ಒಣಹುಲ್ಲಿನ ಹಳದಿಗಂದು, ಕಿವಿಯ ತುದಿ ಮಸಿಗಪ್ಪು, ಮುಂಗಾಲ ಬೆರಳುಗಳಷ್ಟೇ ಬಿಳಿ. ಉದ್ದನೆಯ ಹಗ್ಗ ಕಟ್ಟಿ, ಬೆಳಗು ಸಂಜೆ ಬೇಲಿಯ ಒಳಬದಿಯಲ್ಲೇ ಅದರ ಜೊತೆ ನಡೆಯುತ್ತೇನೆ. ನನಗೆ ಎದ್ದು ಕಾಣುವ ಕೆಂಪು ದಾಸವಾಳ ಅದಕ್ಕೆ ಹಾಗೆ ಕಾಣದು. ನಾಯಿಯ ಕಣ್ಣು ನೀಲಿ ಹಳದಿಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಕೆಂಪು ಅದಕ್ಕೆ ಮಂಕು. ಲಕ್ಕಿಯ ಬುಡದಲ್ಲಿ ಅದು ಕತ್ತು ಚಾಚುತ್ತದೆ, ಹೊಳ್ಳೆ ಅರಳಿಸಿ ಬಿಡುವಿಲ್ಲದೆ ಮೂಸುತ್ತದೆ. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಬೀಳುವುದರಿಂದ ನೆಲದ ನುಣುಪು ಧೂಳು ಎರಡೂ ಬದಿಗೆ ಸರಿಯುತ್ತದೆ. ಮೊಣಕಾಲೂರಿ ಬಗ್ಗಿದರೆ ಅದು ಕಾಣುತ್ತದೆ.

ದಣಪೆಯ ಬಳಿ ನಾನು ನಿಲ್ಲುತ್ತೇನೆ. ಮರಿ ನಿಲ್ಲುವುದಿಲ್ಲ, ಹಗ್ಗ ಬಿಗಿಯಾಗುತ್ತದೆ. ಎಳೆಯದೆ, ಗದರದೆ ಕಾಯುತ್ತೇನೆ. ಮೊದಲು ಒಂದು ಕಿವಿ ಹಿಂದಕ್ಕೆ ಹೊರಳುತ್ತದೆ. ಆಮೇಲೆ ಬಾಲ ತಗ್ಗುತ್ತದೆ, ಮೈಭಾರ ಹಿಂಗಾಲಿಗೆ ಜಾರುತ್ತದೆ, ಕೊನೆಗೆ ಕಣ್ಣು ನನ್ನತ್ತ ತಿರುಗುತ್ತದೆ. ಆ ಕ್ಷಣದಲ್ಲೇ ಬೇಯಿಸಿದ ಮೊಟ್ಟೆಯ ಒಂದು ಚೂರು. ಕೆಲವು ವಾರ ಕಳೆದ ಮೇಲೆ, ಹಗ್ಗ ಸಡಿಲವಾಗಿರುವಾಗಲೇ ಕಿವಿ ಹೊರಳತೊಡಗಿತು. ಅಂಚು ಅದರ ಮೈಗೆ ಹತ್ತುತ್ತಿತ್ತು.

ಸುಮ್ಮನೆ ಮಲಗುವುದು ಇದಕ್ಕಿಂತ ನಿಧಾನದ ಕಲಿಕೆ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ರಿಸುತ್ತದೆ. ನಿದ್ದೆ ಸಾಲದ ದಿನ ಸಂಜೆ ಅಂಗಳವಿಡೀ ಸುತ್ತಿ, ಪಂಚೆಯ ಅಂಚು ಕಚ್ಚಿ ಜಗ್ಗುತ್ತದೆ. ತುಂಟತನದಂತೆ ತೋರುವ ಅದು ಎಷ್ಟೋ ಸಲ ದಣಿವೇ. ಜಗಲಿಯ ಮೂಲೆಯಲ್ಲಿ ಗೋಣಿತಾಟು ಹಾಸಿ ಪಕ್ಕದಲ್ಲಿ ಕೂರುತ್ತೇನೆ. ಮರಿ ಸುತ್ತು ಹಾಕುತ್ತದೆ, ತಾಟನ್ನು ಕೆರೆಯುತ್ತದೆ, ಕೂತು ಮತ್ತೆ ಏಳುತ್ತದೆ. ಎದೆ ನೆಲಕ್ಕೆ ತಾಗಿದರೂ ಹಿಂಗಾಲು ಮಡಚಿ ಸಜ್ಜಾಗಿರುವಷ್ಟು ಹೊತ್ತು ಅದು ವಿಶ್ರಾಂತಿಯಲ್ಲ. ಸೊಂಟ ಒಂದು ಬದಿಗೆ ವಾಲಬೇಕು. ಗಲ್ಲ ಮುಂಗಾಲ ಮೇಲಿಳಿದು ಮೂಗಿನಿಂದ ನೀಳ ಉಸಿರು ಹೊರಟಾಗ, ತಿಂಡಿಯ ಚೂರನ್ನು ಸದ್ದಿಲ್ಲದೆ ಅದರ ಮುಂದಿಡುತ್ತೇನೆ. ಹೊಗಳುವುದಿಲ್ಲ, ದನಿ ಕೇಳಿದರೆ ಎದ್ದುಬಿಡುತ್ತದೆ.

ಇದು ಗಂಡುಮರಿ. ಆರೇಳು ತಿಂಗಳಿಗೆ ಹರೆಯ ಬಂದಾಗ ಗದ್ದೆಯಾಚೆಯ ವಾಸನೆಗಳು ಇನ್ನೂ ಬಲವಾಗಿ ಕರೆಯುತ್ತವೆ. ಅಲ್ಲಿಯವರೆಗೂ ಹಗ್ಗ ಇರುತ್ತದೆ, ಬೇಲಿಯ ಸುತ್ತು ತಪ್ಪುವುದಿಲ್ಲ. ರಾತ್ರಿ ಮಾತ್ರ ಮರಿ ಬಾಗಿಲ ಒಳಗೇ ಮಲಗುತ್ತದೆ. ಕಲಿತ ಅಂಚು ನಾಯಿಯನ್ನು ಒಳಗಿಡಬಲ್ಲದು, ಚಿರತೆಯನ್ನು ಹೊರಗಿಡಲಾರದು.