ಗುಡ್ಡ ನಿಧಾನ, ಗಿಡ ಜೋರು: ಜಾವಾಸ್ಕ್ರಿಪ್ಟ್‌ನಲ್ಲಿ ಪ್ಯಾರಲ್ಯಾಕ್ಸ್

ಹುಬ್ಬಳ್ಳಿಯಿಂದ ಗದಗಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಪ್ಯಾರಲ್ಯಾಕ್ಸ್ ಗೊತ್ತು. ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೇ. ರಸ್ತೆ ಬದಿಯ ಜಾಲಿಗಿಡ ಸರ್ರಂತ ಹಿಂದೆ ಓಡುತ್ತದೆ, ಆಚೆಯ ಎರಿ ಹೊಲ ಆರಾಮಾಗಿ ಸರಿಯುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬಂದಂತೆ ಕಾಣುತ್ತದೆ.

ಲೆಕ್ಕ ಹಾಕೋಣ. ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ನಮ್ಮ ನೇರಕ್ಕೆ 10 ಮೀಟರ್ ದೂರದಲ್ಲಿದ್ದ ಗಿಡ ಆ ಒಂದು ಸೆಕೆಂಡಿನಲ್ಲಿ ಸುಮಾರು 59 ಡಿಗ್ರಿ ಹಿಂದೆ ಸರಿಯುತ್ತದೆ. 10 ಕಿ.ಮೀ. ದೂರದ ಗುಡ್ಡ ಸರಿಯೋದು ಬರೀ 0.1 ಡಿಗ್ರಿ. ಈ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಅಂದಾಜು ಮಾಡುತ್ತದೆ. ಚಪ್ಪಟೆ ಪರದೆಯ ಮೇಲೂ ಇದೇ ವ್ಯತ್ಯಾಸ ತೋರಿಸಿದರೆ ಕಣ್ಣು ಆಳ ಇದೆ ಅಂತ ನಂಬುತ್ತದೆ. 1937ರ ಡಿಸ್ನಿ ಕಿರುಚಿತ್ರ 'ದಿ ಓಲ್ಡ್ ಮಿಲ್'ನಲ್ಲಿ ಗಾಜಿನ ಹಲವು ಪದರಗಳ ಮೇಲೆ ಚಿತ್ರ ಇಟ್ಟು ಇದನ್ನೇ ಮಾಡಿದ್ದರು.

ಈಗ ನಮ್ಮ ಕೆಲಸ. ಬಿಂಕದಕಟ್ಟಿ ಮೃಗಾಲಯಕ್ಕೆ ಒಂದು ಪರಿಚಯ ಪುಟ ಮಾಡುತ್ತಿದ್ದೇವೆ ಅಂದುಕೊಳ್ಳಿ. ಮೂರು ಪದರ ಸಾಕು: ಹಿಂದೆ ಕಪ್ಪತಗುಡ್ಡದ ಸಾಲು, ನಡುವೆ ಹೊಲ, ಮುಂದೆ ಮೃಗಾಲಯದ ಬಾಗಿಲು. ಗುಡ್ಡದ ವೇಗ 0.2, ಹೊಲದ್ದು 0.6, ಬಾಗಿಲಿನದು 1. ಅಂದರೆ ಓದುಗ 100 ಪಿಕ್ಸೆಲ್ ಸ್ಕ್ರೋಲ್ ಮಾಡಿದಾಗ ಗುಡ್ಡ 20, ಹೊಲ 60, ಬಾಗಿಲು 100 ಪಿಕ್ಸೆಲ್ ಮೇಲೆ ಹೋಗಬೇಕು.

ಇಲ್ಲೊಂದು ಸೂಕ್ಷ್ಮ ಇದೆ ನೋಡ್ರಿ. ನಾವು ಏನೂ ಮಾಡದಿದ್ದರೂ ಬ್ರೌಸರ್ ಎಲ್ಲವನ್ನೂ 100 ಪಿಕ್ಸೆಲ್ ಮೇಲೆ ಎಳೆದಿರುತ್ತದೆ. ಹಾಗಾಗಿ ಗುಡ್ಡವನ್ನು 80 ಪಿಕ್ಸೆಲ್ ಕೆಳಗೆ ತಳ್ಳಬೇಕು. ಸೂತ್ರ ಇಷ್ಟೇ: ತಳ್ಳಬೇಕಾದ ದೂರ = (1 − ವೇಗ) × ಸ್ಕ್ರೋಲ್. ಸ್ಕ್ರೋಲ್ ಎಷ್ಟಾಯ್ತು ಅಂತ 'ಸ್ಕ್ರೋಲ್‌ವೈ' ಹೇಳುತ್ತದೆ. ಬಂದ ಉತ್ತರವನ್ನು ಆ ಪದರದ 'ಟ್ರಾನ್ಸ್‌ಲೇಟ್‌ವೈ'ಗೆ ಕೊಟ್ಟರೆ ಮುಗೀತು. ವೇಗವನ್ನು 1.2 ಮಾಡಿದರೆ ಉತ್ತರ ಋಣಾತ್ಮಕವಾಗಿ, ಆ ಪದರ ಪುಟಕ್ಕಿಂತ ಜೋರಾಗಿ ಓಡುತ್ತದೆ. ಜಾಲಿಗಿಡಕ್ಕೆ ಅದೇ ಸರಿ.

ಇಷ್ಟು ಬರೆದರೆ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆಂದ ಓಡುತ್ತದೆ. ಆದರೆ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೊರಟವರು ಪುಟ ತೆಗೆಯೋದು ಅಗ್ಗದ ಫೋನಿನಲ್ಲಿ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗೋದು 16.7 ಮಿಲಿಸೆಕೆಂಡ್ ಮಾತ್ರ. 'ಟಾಪ್' ಅಥವಾ 'ಮಾರ್ಜಿನ್' ಬದಲಿಸಿದರೆ ಬ್ರೌಸರ್ ಪ್ರತಿ ಸಲ ಲೇಔಟ್ ಲೆಕ್ಕ ಹಾಕಿ ಮತ್ತೆ ಚಿತ್ರ ಬರೆಯಬೇಕು. 'ಟ್ರಾನ್ಸ್‌ಫಾರ್ಮ್' ಬಳಸಿದರೆ ಲೇಔಟ್ ಮುಟ್ಟದೆ, ಬರೆದಿಟ್ಟ ಪದರವನ್ನು ಸರಿಸಿದರೆ ಸಾಕು. ಸ್ಕ್ರೋಲ್ ಈವೆಂಟ್ ಬಂದಾಗಲೆಲ್ಲ ಪದರ ಸರಿಸಬೇಡಿ. 'ರಿಕ್ವೆಸ್ಟ್‌ಆ್ಯನಿಮೇಷನ್‌ಫ್ರೇಮ್' ಮೂಲಕ ಫ್ರೇಮ್‌ಗೆ ಒಂದೇ ಸಲ ಸರಿಸಿ.

ಮೆಮೊರಿಯದೂ ಲೆಕ್ಕ ಇದೆ. 1080×2400 ಪಿಕ್ಸೆಲ್ ಚಿತ್ರ ಫೈಲಿನಲ್ಲಿ 200 ಕೆಬಿ ಇದ್ದರೂ, ಬಿಡಿಸಿದ ಮೇಲೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 10 ಎಂಬಿ ತಿನ್ನುತ್ತದೆ. ಹತ್ತು ಪದರ ಹಾಕಿದರೆ ಫೋನ್ ಸುಸ್ತು. ಅದಕ್ಕೇ ಮೂರು ಸಾಕು ಅಂದಿದ್ದು.

ಇನ್ನೊಂದು ಮಾತು ಆರೋಗ್ಯದ್ದು. ಬಸ್ಸಿನಲ್ಲಿ ಪುಸ್ತಕ ಓದಿದರೆ ಕೆಲವರಿಗೆ ವಾಕರಿಕೆ ಯಾಕೆ ಬರುತ್ತದೆ? ಒಳಕಿವಿ 'ಚಲಿಸ್ತಿದ್ದೀವಿ' ಅನ್ನುತ್ತದೆ, ಪುಟದ ಮೇಲಿನ ಕಣ್ಣು 'ಇಲ್ಲ' ಅನ್ನುತ್ತದೆ. ಪ್ಯಾರಲ್ಯಾಕ್ಸ್‌ನಲ್ಲಿ ಇದು ತಿರುವುಮುರುವು: ದೇಹ ಸುಮ್ಮನಿದೆ, ಕಣ್ಣಿಗೆ ಚಲನೆ ಕಾಣ್ತಿದೆ. ಒಳಕಿವಿಯ ತೊಂದರೆ ಇರುವವರಿಗೆ ಇದರಿಂದ ತಲೆ ಸುತ್ತಬಹುದು. ಅಂಥವರು ಫೋನಿನ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡಿಟ್ಟುಕೊಂಡಿರುತ್ತಾರೆ. 'ಮ್ಯಾಚ್‌ಮೀಡಿಯಾ'ದಲ್ಲಿ 'ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್' ಕೇಳಿ; ಉತ್ತರ ಹೌದು ಅಂತ ಬಂದರೆ ಪದರ ಸರಿಸುವ ಕೋಡ್ ಶುರು ಮಾಡಲೇಬೇಡಿ. ಒಂದೇ ಒಂದು 'ಇಫ್', ಅಷ್ಟೇ.

ಚಿತ್ರ ಸರಿದಾಡಲಿ, ಅಕ್ಷರ ನಿಂತಿರಲಿ. ಟಿಕೆಟ್ ದರ, ತೆರೆಯುವ ಸಮಯ, ವಾರದ ರಜೆ ಇವೆಲ್ಲ ಸಾದಾ ಎಚ್‌ಟಿಎಂಎಲ್‌ನಲ್ಲೇ ಇರಬೇಕು, ಜಾವಾಸ್ಕ್ರಿಪ್ಟ್ ಲೋಡ್ ಆಗದಿದ್ದರೂ ಕಾಣಬೇಕು. ಸರಿದಾಡುವ ಪದರದ ಮೇಲೆ ಕನ್ನಡ ಬರೆದರೆ ಒತ್ತಕ್ಷರಗಳು ಮಸುಕಾಗಿ ಓದೋಕೆ ಕಷ್ಟ ಆಗಬಹುದು.

2023ರಲ್ಲಿ ಬಂದ ಕ್ರೋಮ್ 115ರಿಂದ, ಸ್ಕ್ರೋಲ್‌ಗೆ ತಕ್ಕಂತೆ ಓಡುವ ಆ್ಯನಿಮೇಷನ್‌ಅನ್ನು ಸಿಎಸ್‌ಎಸ್‌ನಲ್ಲೇ ಬರೆಯಬಹುದು. ಆದರೂ ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ಒಮ್ಮೆ ಕೈಯಾರೆ ಮಾಡಿ. ಒಳಗೆ ಏನು ನಡೆಯುತ್ತೆ ಅಂತ ತಿಳಿಯುತ್ತದೆ. ಮಾಡಿದ ಮೇಲೆ ಹಾಸ್ಟೆಲ್‌ನಲ್ಲಿ ಯಾರ ಫೋನ್ ಎಲ್ಲಕ್ಕಿಂತ ಹಳೆಯದೋ ಅವರ ಕೈಗೆ ಪುಟ ಕೊಡಿ. ಅದರಲ್ಲಿ ಗುಡ್ಡ ತಡವರಿಸದೆ ಸರಿದರೆ ನಿಮ್ಮ ಕೋಡ್ ಪಾಸ್.