ಒಣಗದ ಕರು ಯಾಕೆ ಏಳಲಿಲ್ಲ?

ಸಿಂಧನೂರಿನ ಕಾಲುವೆ ಸೀಮೆಯಿರಲಿ, ಲಿಂಗಸುಗೂರು, ಮಸ್ಕಿ ಕಡೆಯ ಮಳೆ ನಂಬಿದ ಊರುಗಳಿರಲಿ, ಎಳೆಗರು ಉಚ್ಚಿಕೊಂಡು ಅಡ್ಡಬಿದ್ದರೆ ದನದ ಡಾಕ್ಟರಿಗೆ ಹೇಳುವ ಮಾತು ಒಂದೇ: ‘ಸಲಾಯಿನ್ ಹಚ್ರಿ ಸರ್’. ಮಾತು ತಪ್ಪಲ್ಲ. ಭೇದಿಯಲ್ಲಿ ನೀರು, ಉಪ್ಪು ಸೋರಿಹೋಗುತ್ತವೆ, ತುಂಬಿಕೊಡಲೇಬೇಕು. ಆದರೆ ಅವೆರಡರ ಜೊತೆ ಕ್ಷಾರವೂ ಸೋರುತ್ತದೆ. ಕರುವನ್ನು ನೆಲಕ್ಕೆ ಕೆಡಹುವುದರಲ್ಲಿ ಅದರ ಪಾಲು ಎಷ್ಟೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಸುಳಿವು ಮೊದಲೇ ಸಿಕ್ಕಿತ್ತು. 1831ರ ಕೊನೆಗೆ ಇಂಗ್ಲೆಂಡಿನಲ್ಲಿ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿದ ವಿಲಿಯಂ ಓಶಾನೆಸಿ, ಅದರಲ್ಲಿ ನೀರು, ಉಪ್ಪು, ಕ್ಷಾರ ಮೂರೂ ತಗ್ಗಿವೆ ಎಂದು ಬರೆದ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಸಾಯುತ್ತಿದ್ದವರ ರಕ್ತನಾಳಕ್ಕೆ ಏರಿಸಿದ ನೀರಿನಲ್ಲಿ ಉಪ್ಪಿನ ಜೊತೆ ಸೋಡಾ, ಅಂದರೆ ಕ್ಷಾರ, ಕೂಡ ಇತ್ತು.

ಬಾಯಿಂದ ಕುಡಿಸುವ ದಾರಿ ತೆರೆದದ್ದು ಬಹಳ ತಡವಾಗಿ. ಕರುಳು ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಸೋಡಿಯಂ ಕೂಡ ಅದರೊಡನೆ ಒಳಗೆ ಹೋಗುತ್ತದೆಂದು 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಬಾಂಗ್ಲಾ ಯುದ್ಧದ ಕಾಲರಾಪೀಡಿತ ನಿರಾಶ್ರಿತರಿಗೆ ಸಕ್ಕರೆ-ಉಪ್ಪಿನ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಕರುವಿನ ಕರುಳೂ ನಡೆಯುವುದು ಹೀಗೆಯೇ. ಅದಕ್ಕೇ ಕರುಗಳಿಗೂ ನೀರಿಗೆ ಬೆರೆಸಿ ಕುಡಿಸುವ ಅಂಥ ಪುಡಿಗಳು ಬಂದವು.

ಆದರೂ ಕೆಲವು ಕರುಗಳ ಸಂಕಟ ಈ ಲೆಕ್ಕಕ್ಕೆ ಸಿಗಲಿಲ್ಲ. ಕೆನಡಾದ ಸಾಸ್ಕಟೂನ್ ಪಶುವೈದ್ಯ ಕಾಲೇಜಿನ ಕಸಾರಿ ಮತ್ತು ನೇಯ್ಲರ್ 1984ರಲ್ಲಿ 12 ಕರುಗಳ ವಿವರ ಪ್ರಕಟಿಸಿದರು. ವಯಸ್ಸು 7ರಿಂದ 31 ದಿನ. ಕಣ್ಣು ಗುಳಿಬಿದ್ದಿರಲಿಲ್ಲ, ಚರ್ಮ ಹಿಡಿದೆತ್ತಿದರೆ ಸೆಟೆದು ನಿಲ್ಲುತ್ತಿರಲಿಲ್ಲ. ಅಂದರೆ ಮೈ ಒಣಗಿರಲಿಲ್ಲ. ಆದರೂ ಕೆಲವು ತೂರಾಡುತ್ತಿದ್ದವು, ಕೆಲವಕ್ಕೆ ಎಚ್ಚರವೇ ಇರಲಿಲ್ಲ. ಬಾಯಿಗೆ ಬೆರಳಿಟ್ಟರೆ ಚೀಪುವ ಶಕ್ತಿಯಿಲ್ಲ. ಉಸಿರು ಆಳ, ನಿಧಾನ. ರಕ್ತ ನೋಡಿದರೆ ಹುಳಿ, ಅಂದರೆ ಆಮ್ಲ, ಏರಿತ್ತು. ಏರಿದಷ್ಟೂ ಕರು ಕುಸಿದಿತ್ತು. ಸೋಡಿಯಂ ಬೈಕಾರ್ಬನೇಟ್, ಅಂದರೆ ನಮ್ಮ ಅಡಿಗೆ ಸೋಡಾದ ದ್ರಾವಣ, ರಕ್ತನಾಳಕ್ಕೆ ಏರಿದಂತೆ ಕರುಗಳು ಬೇಗ ಚೇತರಿಸಿಕೊಂಡವು. ಅವುಗಳನ್ನು ಕೆಡಹಿದ್ದು ನೀರಿನ ಕೊರತೆಯಲ್ಲ. ನನಗೆ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ: ಲಕ್ಷಣ ಪುಸ್ತಕಕ್ಕೆ ಹೊಂದಲಿಲ್ಲವೆಂದು ಅವರು ಕರುವನ್ನು ಬಿಡಲಿಲ್ಲ, ರಕ್ತವನ್ನು ಕೇಳಿದರು.

ಆ ಹುಳಿಯ ಒಂದು ಮೂಲ ಸ್ಪಷ್ಟವಾಗಿ ಕಂಡದ್ದು 2000ದ ನಂತರ. ಜೀರ್ಣವಾಗದ ಹಾಲಿನ ಸಕ್ಕರೆಯನ್ನು ಹೊಟ್ಟೆ, ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಡಿ-ಲ್ಯಾಕ್ಟೇಟ್ ಎಂಬ ಆಮ್ಲ ಹುಟ್ಟುತ್ತದೆ. ದೇಹಕ್ಕೆ ಅದನ್ನು ಬೇಗ ಕರಗಿಸಲು ಬರುವುದಿಲ್ಲ, ಅದು ಮೆದುಳಿಗೂ ಮಂಕು ಕವಿಸುತ್ತದೆ. ಸಾಸ್ಕಟೂನ್ ಮತ್ತು ಮ್ಯೂನಿಕ್‌ನ ಸಂಶೋಧಕರು ಭೇದಿಯ ಕರುಗಳ ರಕ್ತದಲ್ಲಿ ಇದನ್ನು ಅಳೆದು ತೋರಿಸಿದರು.

ಪೊಟ್ಯಾಸಿಯಂನ ವಿಚಾರ ಇನ್ನೂ ವಿಚಿತ್ರ. ಭೇದಿಯಲ್ಲಿ ಅದೂ ಸೋರುತ್ತದೆ, ಆದರೆ ರಕ್ತದಲ್ಲಿ ಮಾತ್ರ ಹೆಚ್ಚಾಗಿ ಕಾಣಬಹುದು, ಜೀವಕೋಶದೊಳಗಿನದು ಹೊರಬಂದಿರುತ್ತದೆ. ಹೃದಯದ ಬಡಿತ ತಪ್ಪುವುದು ಆಗಲೇ. ಸೋಡಾ ಮತ್ತು ಗ್ಲೂಕೋಸ್ ಅದನ್ನು ಮತ್ತೆ ಕೋಶಕ್ಕೆ ತಳ್ಳುತ್ತವೆ.

ಸೋಡಾ ಎಷ್ಟು ಬೇಕೆಂಬ ಲೆಕ್ಕ ಹೀಗಿದೆ: ಕ್ಷಾರದ ಕೊರತೆ ಲೀಟರಿಗೆ 20 ಮಿಲಿಮೋಲ್, ಕರುವಿನ ತೂಕ 20 ಕಿಲೋ ಎಂದುಕೊಳ್ಳಿ. ಎರಡನ್ನೂ ಗುಣಿಸಿ ಅರ್ಧ ಮಾಡಿದರೆ 200 ಮಿಲಿಮೋಲ್, ಸುಮಾರು 17 ಗ್ರಾಂ ಸೋಡಾ. ಬರೀ ಉಪ್ಪಿನ ಸಲಾಯಿನ್‌ನಲ್ಲಿ ಇದು ಒಂದು ಗ್ರಾಮೂ ಇರುವುದಿಲ್ಲ. ಶುದ್ಧ ದ್ರಾವಣವನ್ನು ಸರಿಯಾದ ವೇಗದಲ್ಲಿ ಏರಿಸುವುದು ಡಾಕ್ಟರ ಕೆಲಸ, ಅಡಿಗೆಮನೆಯ ಪುಡಿಯಲ್ಲಿ ಮಾಡುವಂಥದ್ದಲ್ಲ.

ಭೇದಿಯಾದಾಗ ಕರುವಿಗೆ ಹಾಲು ನಿಲ್ಲಿಸುವ ರೂಢಿಯನ್ನೂ ಸಾಸ್ಕಟೂನ್‌ನವರು ಪರೀಕ್ಷಿಸಿದರು. ಪುಡಿಯ ನೀರಿನ ಜೊತೆ ಹಾಲೂ ಸಿಕ್ಕ ಭೇದಿಯ ಕರುಗಳು ತೂಕ ಉಳಿಸಿಕೊಂಡವು. ಬರೀ ನೀರಿನ ಮೇಲಿದ್ದವು ಸೊರಗಿದವು. ಪುಡಿಯಲ್ಲಿನ ಗ್ಲೂಕೋಸ್ ಕರುವಿನ ಹಸಿವೆಗೆ ಸಾಲದು. ಸೋಡಾ ಇರುವ ನೀರು ಹಾಲಿನೊಡನೆ ಬೆರೆತರೆ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಲು ಅಡ್ಡಿ, ಅದಕ್ಕೆ ಎರಡರ ನಡುವೆ ಕೆಲವು ಗಂಟೆ ಬಿಡುತ್ತಾರೆ. ಬೆರಳು ಚೀಪುವ ಕರುವಿಗೆ ಬಾಯಿಂದ ಕುಡಿಸಬಹುದು. ಚೀಪದೆ ಮಲಗಿದ ಕರುವಿಗೆ ಗೊಟ್ಟದಲ್ಲಿ ಹೊಯ್ದರೆ ನೀರು ಶ್ವಾಸಕೋಶ ಸೇರಬಹುದು. ಅಂಥದಕ್ಕೆ ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬೇಕು, ‘ಕರ ಬೆರಳು ಚೀಪವಲ್ದು’ ಎಂದು ಮೊದಲೇ ತಿಳಿಸಬೇಕು.