ಶೇಂಗಾ ಸಂಗ್ರಹಣೆ

ಶೇಂಗಾ ಸಂಗ್ರಹಣೆ ಎಂದರೆ ಕಟಾವಾದ ಶೇಂಗಾವನ್ನು (ಕಡಲೆಕಾಯಿ, ನೆಲಗಡಲೆ) ಒಣಗಿಸಿ, ಮಾರಾಟ, ಗಾಣ, ಅಡುಗೆ ಅಥವಾ ಮುಂದಿನ ಬಿತ್ತನೆಯವರೆಗೆ ರೈತರ ಬಳಿಯಲ್ಲಿಯೇ ಕೆಡದಂತೆ ಇರಿಸುವ ಕ್ರಮ. ಭಾರತದಲ್ಲಿ ಈ ಎಣ್ಣೆಕಾಳು ಬೆಳೆಯ ಅತಿ ದೊಡ್ಡ ಉತ್ಪಾದಕ ರಾಜ್ಯ ಗುಜರಾತ್. ಕರ್ನಾಟಕದಲ್ಲಿ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಗದಗ ಮೊದಲಾದ ಒಣಭೂಮಿ ಜಿಲ್ಲೆಗಳಲ್ಲಿ ಇದನ್ನು ಹೆಚ್ಚಾಗಿ ಬೆಳೆಯುತ್ತಾರೆ; ಚಳ್ಳಕೆರೆಗೆ ಅದರ ಎಣ್ಣೆ ಗಿರಣಿಗಳಿಂದಾಗಿ 'ಎಣ್ಣೆ ನಗರ' ಎಂಬ ಹೆಸರಿದೆ. ಜೋಳ, ರಾಗಿಗಳಿಗೆ ಒಗ್ಗುವ ಸಂಗ್ರಹ ವಿಧಾನಗಳು ಶೇಂಗಾಕ್ಕೆ ಸಾಲುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಕಾಳಿನಲ್ಲಿರುವ ಎಣ್ಣೆ.

ಎಣ್ಣೆ ಮತ್ತು ತೇವಾಂಶ

ಶೇಂಗಾ ಕಾಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿರುತ್ತದೆ. ಎಣ್ಣೆಯು ನೀರನ್ನು ಹಿಡಿದಿಡುವುದಿಲ್ಲವಾದ್ದರಿಂದ ಕಾಳಿನಲ್ಲಿರುವ ನೀರೆಲ್ಲವೂ ಉಳಿದರ್ಧದಲ್ಲಿ, ಅಂದರೆ ಪ್ರೋಟೀನು ಮತ್ತು ಪಿಷ್ಟದ ಭಾಗದಲ್ಲಿ ಸೇರಿಕೊಳ್ಳುತ್ತದೆ. 100 ಕಿಲೋ ಕಾಳಿನಲ್ಲಿ 7 ಕಿಲೋ ನೀರಿದ್ದರೆ, ಎಣ್ಣೆಯಲ್ಲದ 50 ಕಿಲೋ ಭಾಗದ ಲೆಕ್ಕದಲ್ಲಿ ಅದು ಶೇಕಡ 14ರಷ್ಟಾಗುತ್ತದೆ. 10 ಕಿಲೋ ನೀರಿದ್ದರೆ ಶೇಕಡ 20. ಶೇಕಡ 20ರ ತೇವಾಂಶವಿರುವ ಗೋಧಿ ಬೂಷ್ಟು ಹಿಡಿಯುವಂತೆಯೇ ಶೇಕಡ 10ರ ತೇವಾಂಶವಿರುವ ಶೇಂಗಾ ಕಾಳೂ ಹಿಡಿಯುತ್ತದೆ. ಧಾನ್ಯಗಳಿಗೆ ಶೇಕಡ 12ರ ಮಟ್ಟ ಸುರಕ್ಷಿತವೆನಿಸಿದರೆ, ಸಿಪ್ಪೆಸಹಿತ ಶೇಂಗಾಕ್ಕೆ ಶೇಕಡ 8 ಮತ್ತು ಸುಲಿದ ಕಾಳಿಗೆ ಶೇಕಡ 7ಕ್ಕಿಂತ ಕಡಿಮೆ ಇರಬೇಕೆಂಬ ಶಿಫಾರಸಿನ ಹಿಂದೆ ಇರುವುದು ಈ ಲೆಕ್ಕವೇ.

ಒಮ್ಮೆ ಒಣಗಿದ ಕಾಳು ಸದಾ ಒಣಗಿಯೇ ಇರುವುದಿಲ್ಲ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 70ನ್ನು ಮೀರಿದ ಮಳೆಗಾಲದಲ್ಲಿ ಕಾಳು ಗಾಳಿಯಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಗೋಣಿಚೀಲ ಇದನ್ನು ತಡೆಯಲಾರದು.

ಒಣಗಿಸುವಿಕೆ

ನೆಲದಿಂದ ಕಿತ್ತಾಗ ಕಾಯಿಯಲ್ಲಿ ಸಾಮಾನ್ಯವಾಗಿ ಶೇಕಡ 35ರಿಂದ 40ರಷ್ಟು ನೀರಿರುತ್ತದೆ. ಗಿಡಗಳನ್ನು ಕಿತ್ತು, ಕಾಯಿಗಳು ಮೇಲ್ಮುಖವಾಗುವಂತೆ ತಲೆಕೆಳಗಾಗಿ ಸಾಲಿನಲ್ಲಿ ಹರಡಿ ಎರಡು ಮೂರು ದಿನ ಬಿಟ್ಟರೆ ಗಾಳಿ ಬಿಸಿಲುಗಳು ಕಾಯಿಗೆ ನೇರವಾಗಿ ತಾಗುತ್ತವೆ. ಅನಂತರ ಕಾಯಿ ಬಿಡಿಸಿ, ಕಣದಲ್ಲಿ ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತ ಒಣಗಿಸುವುದು ವಾಡಿಕೆ. ಹಸಿಯಾಗಿರುವಾಗಲೇ ಗಿಡಗಳನ್ನು ಒತ್ತೊತ್ತಾಗಿ ಬಣವೆ ಒಟ್ಟುವ ಪದ್ಧತಿ ಹಾನಿಕರ; ಬಣವೆಯ ಒಡಲಲ್ಲಿ ಕಾವೇರಿ ಒಳಗಿನ ಕಾಯಿ ಬೂಷ್ಟು ಹಿಡಿದಿದ್ದರೂ ಹೊರಮೈ ಒಣಗಿದಂತೆಯೇ ಕಾಣುತ್ತದೆ. ಮುಂಗಾರು ಬೆಳೆಯ ಕಟಾವು ಅಕ್ಟೋಬರ್ ಹೊತ್ತಿಗೆ, ಹಿಂಗಾರು ಮಳೆಯ ನಡುವೆಯೇ ಬರುವುದರಿಂದ ಕರ್ನಾಟಕದ ಬಯಲುಸೀಮೆಯಲ್ಲಿ ಈ ತೊಂದರೆ ಹೆಚ್ಚು.

ತೇವಮಾಪಕವಿಲ್ಲದ ಕಡೆ ರೈತರು ಕೈ ಮತ್ತು ಕಿವಿಗಳನ್ನು ನಂಬುತ್ತಾರೆ. ಕಾಯಿ ಅಲುಗಿಸಿದಾಗ ಒಳಗಿನ ಕಾಳು ಗಲಗಲನೆ ಸದ್ದು ಮಾಡಬೇಕು. ಕಾಳನ್ನು ಬೆರಳುಗಳ ನಡುವೆ ಉಜ್ಜಿದಾಗ ಮೇಲಿನ ಕೆಂಪು ಪೊರೆ ಸುಲಭವಾಗಿ ಕಳಚಬೇಕು. ಒಣಗಿದ ಗಾಜಿನ ಸೀಸೆಯಲ್ಲಿ ಕಾಳಿನೊಡನೆ ಒಣ ಉಪ್ಪನ್ನು ಹಾಕಿ ಕುಲುಕುವ ಪರೀಕ್ಷೆಯೂ ಪ್ರಚಲಿತವಿದೆ. ಸೀಸೆಯೊಳಗಿನ ಗಾಳಿಯ ಆರ್ದ್ರತೆ ಸುಮಾರು ಶೇಕಡ 75 ಮೀರಿದಾಗ ಮಾತ್ರ ಉಪ್ಪು ನೀರೂಡಿ ಗಾಜಿಗೆ ಅಂಟುತ್ತದೆ. ಆದ್ದರಿಂದ ಉಪ್ಪು ಅಂಟಿದರೆ ಕಾಳು ಹಸಿಯೆಂಬುದು ನಿಶ್ಚಿತ. ಅಂಟದಿದ್ದರೆ ದೀರ್ಘಕಾಲದ ಸಂಗ್ರಹಕ್ಕೆ ಯೋಗ್ಯವೆಂದು ಹೇಳಲಾಗದು.

ಒಣಗಿಸುವುದು ತಿಳಿವಳಿಕೆಯ ಪ್ರಶ್ನೆ ಮಾತ್ರವಲ್ಲ, ಹಣದ ಪ್ರಶ್ನೆಯೂ ಹೌದು. ಶೇಕಡ 40 ನೀರಿರುವ 100 ಕಿಲೋ ಕಾಯಿಯನ್ನು ಶೇಕಡ 8ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 65 ಕಿಲೋ. ಬೆಲೆಯನ್ನು ತೂಕದ ಮೇಲೆ ಕಟ್ಟಿ, ತೇವವನ್ನು ಅಂದಾಜಿನಿಂದಷ್ಟೇ ಅಳೆಯುವಲ್ಲಿ ಕೊನೆಯ ಎರಡು ದಿನದ ಬಿಸಿಲು ರೈತನಿಗೆ ನಷ್ಟವಾಗಿಯೇ ತೋರುತ್ತದೆ. ಸುಲಿಯಲು ಸುಲಭವಾಗಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ ಅದುವರೆಗಿನ ಶ್ರಮವನ್ನೆಲ್ಲ ಒಂದೇ ಗಳಿಗೆಯಲ್ಲಿ ಹಾಳುಮಾಡುತ್ತದೆ.

ಅಫ್ಲಾಟಾಕ್ಸಿನ್

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳ ಆಹಾರದಲ್ಲಿದ್ದ ಬ್ರೆಜಿಲ್ ಮೂಲದ ಶೇಂಗಾ ಹಿಂಡಿಯನ್ನು ಪರೀಕ್ಷಿಸಿದಾಗ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಉತ್ಪಾದಿಸುವ ವಿಷ ಪತ್ತೆಯಾಯಿತು. ಶಿಲೀಂಧ್ರದ ಹೆಸರಿನ ಅಕ್ಷರಗಳಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಮನೆಯಲ್ಲಿ ಹುರಿಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ಪೂರ್ತಿಯಾಗಿ ನಾಶವಾಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದ ಕಾಳಿನಲ್ಲಿಯೂ ಇರಬಹುದು.

ಭಾರತದಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಕಿಲೋಗೆ 10 ಮೈಕ್ರೋಗ್ರಾಂ ಮತ್ತು ಮುಂದೆ ಸಂಸ್ಕರಣೆಗೊಳ್ಳುವ ಶೇಂಗಾಕ್ಕೆ 15 ಮೈಕ್ರೋಗ್ರಾಂ ಮಿತಿಯಿದೆ. ಐರೋಪ್ಯ ಒಕ್ಕೂಟದಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಮಿತಿ 4 ಮೈಕ್ರೋಗ್ರಾಂ ಮಾತ್ರ. ರಫ್ತಾದ ಸರಕು ತಿರಸ್ಕೃತವಾಗಲು ಇದೊಂದು ಪ್ರಮುಖ ಕಾರಣ.

ಸೋಂಕು ಕಣಜದಲ್ಲಿಯೇ ಆರಂಭವಾಗಬೇಕೆಂದಿಲ್ಲ. ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟು ನೆಲ ಕಾದಾಗ ಮಣ್ಣಿನಲ್ಲಿರುವ ಶಿಲೀಂಧ್ರ ಕಾಯಿಯನ್ನು ಹೊಕ್ಕಿರುತ್ತದೆ. ಗುದ್ದಲಿ, ಕುಂಟೆ ಅಥವಾ ಗೆದ್ದಲು ತಾಗಿ ಸೀಳಿದ ಕಾಯಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಒಳ್ಳೆಯ ಸಂಗ್ರಹಣೆಯು ವಿಷ ಹೆಚ್ಚುವುದನ್ನು ತಡೆಯಬಲ್ಲುದೇ ಹೊರತು ಇದ್ದುದನ್ನು ತೆಗೆಯಲಾರದು. ಆದರೆ ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರದೆ ಕೆಲವೇ ಕಾಳುಗಳಲ್ಲಿ ಒತ್ತಾಗಿರುವುದರಿಂದ, ಸುಕ್ಕುಗಟ್ಟಿದ, ಬಣ್ಣಗೆಟ್ಟ, ಒಡೆದ ಕಾಳುಗಳನ್ನು ಕೈಯಿಂದ ಆರಿಸಿ ಬೇರ್ಪಡಿಸಿದರೆ ಪ್ರಮಾಣ ಗಣನೀಯವಾಗಿ ತಗ್ಗುತ್ತದೆ.

ಆರಿಸಿದ ಕಾಳು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಅದು ಗಾಣಕ್ಕೆ ಹೋದರೆ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಶುದ್ಧೀಕರಿಸದ ಎಣ್ಣೆಯಲ್ಲಿಯೂ ಸ್ವಲ್ಪ ಸೇರಬಹುದು. ಹಿಂಡಿ ತಿಂದ ಹಸು, ಎಮ್ಮೆಗಳ ಹಾಲಿನಲ್ಲಿ ಅದೇ ವಿಷ ಅಫ್ಲಾಟಾಕ್ಸಿನ್ ಎಂ1 ಎಂಬ ಮತ್ತೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ತಟ್ಟೆಯಿಂದ ತೆಗೆದದ್ದು ಮಕ್ಕಳ ಲೋಟಕ್ಕೆ ಮರಳಿದಂತಾಗುತ್ತದೆ. ಆರಿಸಿದ ಕಾಳನ್ನು ಮನುಷ್ಯರ ಆಹಾರದಿಂದಲೂ ಜಾನುವಾರುಗಳ ಮೇವಿನಿಂದಲೂ ದೂರವಿಡುವುದೇ ಸುರಕ್ಷಿತ.

ಕೀಟಗಳು

ಸಿಪ್ಪೆ ಶೇಂಗಾದ ಸ್ವಾಭಾವಿಕ ರಕ್ಷಾಕವಚ. ಒಡೆಯದ ಕಾಯಿಯನ್ನು ಕೊರೆದು ಒಳಹೋಗುವ ಮುಖ್ಯ ಕೀಟವೆಂದರೆ ಶೇಂಗಾ ದುಂಬಿ (ಕ್ಯಾರಿಡಾನ್ ಸೆರ್ರೇಟಸ್). ಹೆಣ್ಣು ದುಂಬಿ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಸಿಪ್ಪೆ ಕೊರೆದು ಕಾಳನ್ನು ತಿಂದು ಬೆಳೆಯುತ್ತದೆ. ಹುಣಿಸೆ ಈ ದುಂಬಿಯ ಹಳೆಯ ಆಶ್ರಯ ಸಸ್ಯ. ಆದ್ದರಿಂದ ನೆರಳಿಗೆಂದು ಹುಣಿಸೆಮರದಡಿ ಕಣ ಮಾಡುವುದು, ಹುಣಿಸೆಹಣ್ಣು ತುಂಬಿದ ಕೋಣೆಯಲ್ಲಿಯೇ ಶೇಂಗಾ ಚೀಲಗಳನ್ನು ಇಡುವುದು ಎರಡೂ ತಪ್ಪು. ಸುಲಿದ ಕಾಳಿಗೆ, ವಿಶೇಷವಾಗಿ ಒಡೆದ ಬೇಳೆಗೆ, ಕೆಂಪು ಹಿಟ್ಟಿನ ದುಂಬಿ ಮತ್ತು ಅಕ್ಕಿ ಪತಂಗಗಳ ಕಾಟವಿದೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಿಂದ ಹೊರಡುವ ಅನಿಲ ಮಾರಕವಾದುದು; ವಾಸದ ಮನೆಯಲ್ಲಿ ಅವನ್ನು ಬಳಸಲೇಬಾರದು.

ಸಂಗ್ರಹ ಸಾಧನಗಳು

ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ ಹೆಸರಾದ ಹಗೇವು ನೆಲದ ತೇವದ ಕಾರಣ ಶೇಂಗಾಕ್ಕೆ ತಕ್ಕುದಲ್ಲ. ಕಾಯಿಯನ್ನು ಹೊಸ ಅಥವಾ ಚೆನ್ನಾಗಿ ಒಣಗಿಸಿ ಕೊಡವಿದ ಚೀಲಗಳಲ್ಲಿ ತುಂಬಿ, ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ, ಗಾಳಿಯಾಡುವ ಕೋಣೆಯಲ್ಲಿ ಜೋಡಿಸಬೇಕು. ಸಿಮೆಂಟ್ ನೆಲ ಒಣಗಿದಂತೆ ಕಂಡರೂ ತೇವವನ್ನು ಮೇಲಕ್ಕೆ ಬಿಡುತ್ತದೆ. ಕಾಳಿಗಿಂತ ಕಾಯಿ ಹೆಚ್ಚು ಸ್ಥಳ ಬೇಡುತ್ತದಾದರೂ ಸುಲಿದು ಇಡುವುದಕ್ಕಿಂತ ಇದೇ ಮೇಲು, ಏಕೆಂದರೆ ಪೊರೆ ಹರಿದು ಒಡೆದ ಬೇಳೆಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಬೇಗ ಕಮಟುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಮೂರು ಪದರದ ಪಿಕ್ಸ್ ಚೀಲಗಳನ್ನು ಶೇಂಗಾಕ್ಕೂ ಬಳಸಲಾಗುತ್ತಿದೆ. ಒಳಗಿನ ಎರಡು ಪ್ಲಾಸ್ಟಿಕ್ ಪದರಗಳ ಬಾಯಿಯನ್ನು ಬಿಗಿದು ಕಟ್ಟಿದಾಗ ಒಳಗಿರುವ ಕೀಟಗಳು ಅಲ್ಲಿನ ಆಮ್ಲಜನಕವನ್ನು ಬಳಸಿ ಮುಗಿಸಿ ತಾವೇ ಸಾಯುತ್ತವೆ. ಹೊರಗಿನ ತೇವ ಒಳಬಾರದಿರುವುದು ಇದರ ಇನ್ನೊಂದು ಲಾಭ. ಒಳಗಿನ ತೇವವೂ ಹೊರಹೋಗದು. ಅರೆಬರೆ ಒಣಗಿದ ಕಾಯಿಗೆ ಈ ಚೀಲ ಗೋಣಿಗಿಂತಲೂ ಅಪಾಯಕರ.

ಬಿತ್ತನೆ ಬೀಜ

ಶೇಂಗಾ ಬೀಜದ ಮೊಳೆಯುವ ಶಕ್ತಿ ಧಾನ್ಯಗಳಿಗಿಂತ ಬೇಗ ಕುಂದುತ್ತದೆ. ಏಪ್ರಿಲ್, ಮೇ ತಿಂಗಳ ಉರಿಬಿಸಿಲಿಗೆ ನೇರವಾಗಿ ಒಡ್ಡಿದ ಬೇಸಿಗೆ ಬೆಳೆಯ ಬೀಜದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇದಕ್ಕಾಗಿ ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆಯು ಗಿಡಗಳನ್ನು ಮುಕ್ಕಾಲು ಚೌಕಟ್ಟಿನ ಮೇಲೆ ಕಾಯಿಗಳು ಒಳಮುಖವಾಗುವಂತೆ ಪೇರಿಸಿ, ಸೊಪ್ಪಿನ ನೆರಳಿನಲ್ಲಿಯೇ ನಿಧಾನವಾಗಿ ಒಣಗಿಸುವ ವಿಧಾನವನ್ನು ಶಿಫಾರಸು ಮಾಡಿದೆ. ಬೀಜವನ್ನು ಕಾಯಿಯ ರೂಪದಲ್ಲಿಯೇ ಇಟ್ಟು, ಬಿತ್ತನೆ ಹತ್ತಿರವಾದಾಗ ನೀರು ತಾಗಿಸದೆ ಕೈಯಿಂದ ಸುಲಿಯುತ್ತಾರೆ. ಒಲೀಕ್ ಆಮ್ಲದ ಅಂಶ ಹೆಚ್ಚಿರುವ ಗಿರ್ನಾರ್ 4 ಮತ್ತು ಗಿರ್ನಾರ್ 5 ತಳಿಗಳ ಕಾಳು ಕಮಟುವುದು ನಿಧಾನ. ಬೂಷ್ಟಿನ ವಿಷಯದಲ್ಲಿ ಅವುಗಳಿಗೂ ಉಳಿದ ತಳಿಗಳಷ್ಟೇ ಒಣಗಿಸುವಿಕೆ ಬೇಕು.